ಆದೆಪ್ಪನ ಇನ್ನೊಂದು ಪೈಪು

ಮುಕ್ಕುಂದದ ಆದೆಪ್ಪನಿಗೆ ಯಾರ ಹಂಗೂ ಇರಲಿಲ್ಲ. ಇದನ್ನು ಆತ ಯಾರೂ ಕೇಳದೆ ಇದ್ದಾಗಲೂ ಹೇಳುತ್ತಿದ್ದ. ಊರಬಾಗಿಲ ಅಗಸಿ ಕಟ್ಟೆಯ ಮೇಲೆ ಹೇಳುತ್ತಿದ್ದ, ಚಹಾದಂಗಡಿಯಲ್ಲಿ ಹೇಳುತ್ತಿದ್ದ, ಕೇಳುವವರು ಸಿಗದಿದ್ದರೆ ಅಂಗಳದಲ್ಲಿ ನಿಂತ ತನ್ನ ಸಣ್ಣ ಟ್ರ್ಯಾಕ್ಟರಿಗೆ ಹೇಳುತ್ತಿದ್ದ. ದಸರೆಯ ಮುಂದೆ ಮಗಳ ಬಾಣಂತನಕ್ಕೆಂದು ಹಟ್ಟಿಗೆ ಹೋದ ಹೆಂಡತಿ ಕಸ್ತೂರೆಮ್ಮ ಯುಗಾದಿ ಮುಗಿದರೂ ತಿರುಗಿ ಬಾರದೆ ಇದ್ದುದರಿಂದ, ಹೀಗೆ ಹೇಳಬೇಕಾದ ಪ್ರಸಂಗ ಆತನಿಗೆ ಮೇಲಿಂದ ಮೇಲೆ ಬರುತ್ತಿತ್ತು.

ಸಂಗತಿ ಇಷ್ಟೇ. ಅಳಿಯ ಹಟ್ಟಿಯ ಚಿನ್ನದ ಗಣಿಯಲ್ಲಿ ನೌಕರ. ಕಂಪನಿ ಕ್ವಾರ್ಟರ್ಸು, ಕಂಪನಿ ದವಾಖಾನೆ. ಹೆರಿಗೆ ಅಲ್ಲೇ ಆಗಲಿ ಎಂದು ತಾಯಿಯೇ ಮಗಳ ಹತ್ತಿರ ಹೋದಳು. ಗಂಡುಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಆದೆಪ್ಪ ತವರಿನ ತೊಟ್ಟಿಲು ಹೊತ್ತುಕೊಂಡು ಹೋದ, ಬೆಳ್ಳಿ ಉಡದಾರ ಮುಂದಿನ ಸಲ ತರುತ್ತೇನೆಂದು ಬೀಗರ ಮುಂದೆ ಹೇಳಿದ, ಹೊರಡುವಾಗ ಹೆಂಡತಿಯನ್ನು ಯಾವಾಗ ಬರುತ್ತೀ ಎಂದು ಕೇಳಿದ. ಕರೆಯಲು ಬಂದರೆ ಬರುತ್ತೇನೆ ಎಂದಳು ಕಸ್ತೂರೆಮ್ಮ. ದಾರಿ ನಿನಗೇ ಗೊತ್ತಿದೆ, ಕರೆಯುವುದೇನು ಬಂತು ಎಂದ ಆದೆಪ್ಪ. ಹಾಗಾದರೆ ನಿಮಗೆ ಟ್ರ್ಯಾಕ್ಟರ್ ಒಂದಿದ್ದರೆ ಸಾಕೇನು ಎಂದು ಅವಳು ಕೇಳಿದಳು. ಗಂಡಸಾದವನು ಇಂಥ ಪ್ರಶ್ನೆಗೆ ಉತ್ತರ ಕೊಡದೆ ಕೆಮ್ಮಿಬಿಡಬೇಕು. ಆದೆಪ್ಪ ಕೆಮ್ಮಲಿಲ್ಲ, ಸಾಕು ಎಂದ. ಅಂದಿನಿಂದ ಇವನು ಕರೆಯಲು ಬರಲಿ ಎಂದು ಅವಳು ಅಲ್ಲಿ ಕೂತಳು, ಅವಳೇ ಬರಲಿ ಎಂದು ಇವನು ಇಲ್ಲಿ ಕೂತ.

ಸಾಕು ಎಂದದ್ದು ಸಾಕಾಗಲಿಲ್ಲ. ಆದೆಪ್ಪನಿಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಪಕ್ಕದ ಮನೆಯ ಯಮನೂರಮ್ಮ ಸಂಜೆಗೆ ರೊಟ್ಟಿ ಕಳಿಸುತ್ತಿದ್ದಳು, ಅದನ್ನು ಆತ ಒಳಗೆ ಕೂತು ತಿನ್ನಲಾರದೆ ಟ್ರ್ಯಾಕ್ಟರಿನ ಸೀಟಿನ ಮೇಲೆ ಕೂತು ತಿನ್ನುತ್ತಿದ್ದ. ಒಳಗೆ ಕೂತರೆ ತಾನು ಅಗಿಯುವ ಸಪ್ಪಳ ತನಗೇ ಕೇಳಿಸುತ್ತಿತ್ತು. ಕೆಲವು ಸಂಜೆ ಕೆಲಸವಿಲ್ಲದಿದ್ದರೂ ಇಂಜಿನ್ನು ಚಾಲೂ ಮಾಡಿ ಅಂಗಳದಲ್ಲೇ ಬಿಟ್ಟಿರುತ್ತಿದ್ದ. ಎಣ್ಣೆ ಬಿಸಿಯಾಗಬೇಕು ಎಂದು ಊರಿಗೆ ಹೇಳಿದ್ದ. ಖರೇ ಅಂದರೆ ಮನೆಯಲ್ಲಿ ಒಂದಿಷ್ಟು ಸದ್ದು ಇರಲಿ ಎಂದು.

ಇನ್ನು ಆ ಟ್ರ್ಯಾಕ್ಟರಿನ ವಿಷಯ. ಕಾಲುವೆ ನೀರು ಬಂದ ಮೇಲೆ ನೆಲ್ಲು ಬೆಳೆದವರೆಲ್ಲ ಆನೆಯಂಥ ಟ್ರ್ಯಾಕ್ಟರು ತಂದರೆ ಆದೆಪ್ಪ ಸಣ್ಣದೊಂದು ತಂದಿದ್ದ. ಊರವರು ಅದನ್ನು ಮರಿ ಎನ್ನುತ್ತಿದ್ದರು. ಆದರೆ ಮರಿಯ ಹಿಂದಿನ ಟ್ರಾಲಿಗೆ ಎಣ್ಣೆಯ ಜಾಕು ಇತ್ತು. ಲೀವರ್ ಎಳೆದರೆ ಟ್ರಾಲಿ ತಾನೇ ಎದ್ದು ಹೇರು ಸುರಿಯುತ್ತಿತ್ತು. ಜಾಕಿಗೆ ಎರಡು ಕರಿ ರಬ್ಬರ್ ಪೈಪು, ಒಂದರಲ್ಲಿ ಎಣ್ಣೆ ಹೋಗಬೇಕು, ಇನ್ನೊಂದರಲ್ಲಿ ಬರಬೇಕು. ಎರಡೂ ಕಬ್ಬಿಣಕ್ಕೆ ತಿಕ್ಕಿ ತಿಕ್ಕಿ ಬಿರುಕು ಬಿಟ್ಟಿದ್ದವು. ಅವು ಸವೆಯಬಾರದೆಂದು ಆದೆಪ್ಪ ಕಸ್ತೂರೆಮ್ಮ ಬಿಟ್ಟುಹೋದ ಹಳೆಯ ಇಳಕಲ್ ಸೀರೆಯನ್ನು ನಡುವೆ ಹರಿದು, ಅರ್ಧವನ್ನು ಪಟ್ಟಿ ಮಾಡಿ ಪೈಪುಗಳಿಗೆ ಸುತ್ತಿದ. ಉಳಿದರ್ಧವನ್ನು ತನ್ನ ತಲೆದಿಂಬಿಗೆ ಹಾಸಿಕೊಂಡ. ಪೈಪಿಗೆ ಯಾಕೆ ಸುತ್ತಿದೆ ಎಂದು ಯಾರಾದರೂ ಕೇಳಿದರೆ ಆತನ ಹತ್ತಿರ ಉತ್ತರವಿತ್ತು. ದಿಂಬಿನ ವಿಷಯ ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ಅದಕ್ಕೆ ಉತ್ತರ ಹುಡುಕುವ ತೊಂದರೆ ಬರಲಿಲ್ಲ.

ಪೈಪು ಒಡೆದದ್ದು ನೆರೆಮನೆಯ ಪಂಪಣ್ಣನ ಹೊಲದಲ್ಲಿ. ಪಂಪಣ್ಣ ಆದೆಪ್ಪನ ಬಾಲ್ಯದ ಗೆಳೆಯ. ತಿಪ್ಪೆಗೊಬ್ಬರ ಸುರಿಸಲು ಕರೆದಿದ್ದ. ಅವನ ಆಳುಗಳು ಸಲಿಕೆ ಹಿಡಿದು ನಿಂತಿದ್ದರು. ಆದೆಪ್ಪ ಅವರನ್ನು ದೂರ ಸರಿಯಲು ಹೇಳಿ, ತನಗೆ ಮಂದಿಯ ಜರೂರಿಯೇ ಇಲ್ಲ, ಒಂದು ಕೈ ಸಾಕು ಎಂದು ಸಣ್ಣದೊಂದು ಭಾಷಣ ಮಾಡಿ ಲೀವರ್ ಎಳೆದ. ಟ್ರಾಲಿ ಅರ್ಧಕ್ಕೆ ಎದ್ದಿತು. ಅಷ್ಟರಲ್ಲಿ ಇಳಕಲ್ ಸೀರೆಯೊಳಗಿಂದ ಫಸ್ ಎಂದು ಎಣ್ಣೆ ಚಿಮ್ಮಿ, ಹಬ್ಬಕ್ಕೆ ತಂದ ಹೊಸ ಧೋತರ ಉಟ್ಟು ಮೇಸ್ತ್ರಿಯಂತೆ ನಿಂತಿದ್ದ ಪಂಪಣ್ಣನನ್ನು ಎದೆಯಿಂದ ಮೊಣಕಾಲ ತನಕ ತೋಯಿಸಿತು. ಟ್ರಾಲಿ ಮೆಲ್ಲಗೆ ಗೊಬ್ಬರದ ಸಮೇತ ಮತ್ತೆ ಕೂತುಕೊಂಡಿತು. ಆಳುಗಳು ಸಲಿಕೆ ಹಿಡಿದು ಮುಂದೆ ಬಂದರು.

ಪಂಪಣ್ಣ ಸಿಟ್ಟಾಗಲಿಲ್ಲ. ಎಣ್ಣೆ ಒರೆಸಿಕೊಳ್ಳುತ್ತ, ಒಂದು ಪೈಪು ಹೋದರೆ ಸಿಂಧನೂರಿನಲ್ಲಿ ಸಿಗುತ್ತದೆ, ಹೋಗಿ ತಾ ಎಂದ. ಆಮೇಲೆ ಹೇಳಿದ.

"ಅಲ್ಲಿಂದ ಹಂಗ ಹಟ್ಟಿಗೆ ಹೋಗಿ ತಂಗಿ ಕಸ್ತೂರೆಮ್ಮನ್ನ ಕರಕೊಂಡು ಬಾರಲೇ ಆದೆಪ್ಪ. ಎಷ್ಟ್ ದಿನ ಯಮನೂರಮ್ಮನ ರೊಟ್ಟಿ ತಿಂತಿ?"

ಆದೆಪ್ಪನಿಗೆ ಎಲ್ಲಿಲ್ಲದ ಸಿಟ್ಟು ಬಂತು. ತಾನು ಹೋಗುವುದು ಪೈಪಿಗೆ, ಪೈಪಿಗೆ ಮಾತ್ರ, ಬೇಕಾದರೆ ಊರೆಲ್ಲ ಬಂದು ನೋಡಲಿ ಎಂದ. ಮರುದಿನ ಮುಂಜಾನೆ ಆತ ಒಡೆದ ಪೈಪನ್ನು ಹಾರದಂತೆ ಕೊರಳಿಗೆ ಹಾಕಿಕೊಂಡು, ಎಲ್ಲರಿಗೂ ಕಾಣುವಂತೆ ಅಗಸಿಯ ಮುಂದಿನಿಂದಲೇ ಬಸ್ಸಿಗೆ ನಡೆದ. ಆದರೆ ಕ್ಷೌರ ಮಾಡಿಸಿಕೊಂಡಿದ್ದ, ನೀಲಿ ಹಾಕಿ ಒಗೆದ ಅಂಗಿ ತೊಟ್ಟಿದ್ದ, ಕಂಕುಳಲ್ಲಿ ದಿಂಬಿನ ಮೇಲಿನ ಸೀರೆಯ ತುಂಡು ಮಡಚಿ ಇಟ್ಟುಕೊಂಡಿದ್ದ. ಅದು ಹೊಸ ಪೈಪು ಸುತ್ತಿಕೊಂಡು ಬರಲು. ಒಂದು ಪೈಪಿಗೆ ಇಷ್ಟೊಂದು ತಯಾರಿ ಯಾಕೆ ಎಂದು ಊರು ಒಳಗೊಳಗೇ ನಕ್ಕಿತು.

ಸಿಂಧನೂರಿನ ಯಂಕೋಬನದು ಟ್ರ್ಯಾಕ್ಟರ್ ಸಾಮಾನಿನ ಅಂಗಡಿ. ಆತ ಕೊರಳಿನ ಪೈಪು ನೋಡಿದ, ಒಳಗೆ ಹೋದ, ಅಂಥದೇ ಹೊಸದೊಂದು ತಂದು ಮೇಜಿನ ಮೇಲೆ ಇಟ್ಟ. ಬೇರೆ ಗಿರಾಕಿಯಾದರೆ ಕುಣಿದಾಡುತ್ತಿದ್ದ. ಆದೆಪ್ಪನ ಮುಖ ಸಪ್ಪಗಾಯಿತು. ಪೈಪು ಇಷ್ಟು ಸಲೀಸಾಗಿ, ಇನ್ನೂ ಬಿಸಿಲೇರುವ ಮೊದಲೇ, ಇಷ್ಟು ಹತ್ತಿರದಲ್ಲಿ ಸಿಗಬಹುದೆಂದು ಆತ ಎಣಿಸಿರಲಿಲ್ಲ. ಗಿಡ್ಡ ಆಗುತ್ತದೆ ಎಂದ. ಯಂಕೋಬ ಎರಡನ್ನೂ ಜೋಡಿಸಿ ಹಿಡಿದ, ಕೂದಲೆಳೆಯ ಫರಕಿಲ್ಲ. ನಟ್ಟು ಕೂಡುವುದಿಲ್ಲ ಎಂದ. ನಟ್ಟು ಬೆಣ್ಣೆಯಂತೆ ಕೂಡಿತು. ಕೊನೆಗೆ ಆದೆಪ್ಪ ಪೈಪನ್ನು ಮೂಗಿಗೆ ಹಿಡಿದು, ರಬ್ಬರಿನ ವಾಸನೆ ಸರಿಯಿಲ್ಲ ಎಂದ.

"ಪೈಪ್ ಮೂಸಿ ನೋಡಿ ತಗಳ್ಳೋರ್ನ ಇವತ್ತೇ ನೋಡಿದ್ನ್ರೀ," ಎಂದ ಯಂಕೋಬ. "ನಿಮಗ ಯಾವ ಊರಿನ ವಾಸನಿ ಬೇಕು?"

ಲಿಂಗಸುಗೂರಿನ ಗೌಸ್‌ಸಾಬ್ ನಟ್ಟು ಒತ್ತಿ ಮಾಡುವ ಪೈಪೇ ಪೈಪು ಎಂದು ಆದೆಪ್ಪ ಗಂಭೀರವಾಗಿ ಹೇಳಿ ಅಂಗಡಿ ಇಳಿದ. ಲಿಂಗಸುಗೂರು ಹಟ್ಟಿಯ ದಾರಿಯಲ್ಲಿದೆ. ಇದಕ್ಕೆ ಆದೆಪ್ಪ ಏನು ಮಾಡಲಾದೀತು? ಊರುಗಳನ್ನು ಇಟ್ಟವನು ಆತನಲ್ಲ.

ಬಸ್ಸಿನಲ್ಲಿ ಕಂಡಕ್ಟರು ಪೈಪಿಗೂ ಟಿಕೀಟು ಕೇಳಿದ. ಕೊರಳಲ್ಲಿ ಹಾಕಿಕೊಂಡದ್ದು ಲಗೇಜು ಹೇಗಾಗುತ್ತದೆ ಎಂದು ಆದೆಪ್ಪ ವಾದಿಸಿದ. ಪಕ್ಕದಲ್ಲಿದ್ದವನು ತನ್ನ ಅಂಗಿಯ ತೋಳಿಗೆ ಹತ್ತಿದ ಎಣ್ಣೆ ತೋರಿಸಿ, ಲಗೇಜೂ ಅಲ್ಲ, ಕೊರಳಲ್ಲಿ ಹಗ್ಗ ಇದ್ದದ್ದಕ್ಕೆ ದನಕರುವಿನ ಟಿಕೀಟು ಹರಿ ಎಂದು ಕಂಡಕ್ಟರಿಗೆ ಸಲಹೆ ಕೊಟ್ಟ. ಮಸ್ಕಿ ಬಂತು. ಅಲ್ಲಿಯೂ ಬಸ್‌ಸ್ಟ್ಯಾಂಡಿನ ಎದುರಿಗೇ ಸಾಮಾನಿನ ಅಂಗಡಿ ಇತ್ತು. ಆದೆಪ್ಪ ನ್ಯಾಯದ ಮನುಷ್ಯ. ನಾಳೆ ಯಾರಾದರೂ ಮಸ್ಕಿಯಲ್ಲಿ ಕೇಳಿದೆಯಾ ಎಂದರೆ ಕೇಳಿದೆ ಎನ್ನಬೇಕಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ, ಪೈಪ್ ಐತೇನ್ರಿ ಎಂದು ಕೇಳಿದ. ಎಷ್ಟು ಮೆತ್ತಗೆ ಕೇಳಿದನೆಂದರೆ ಮುಂದಿನ ಸೀಟಿನವನಿಗೂ ಕೇಳಿಸಲಿಲ್ಲ. ಉತ್ತರ ಬರಲಿಲ್ಲ. ಮಸ್ಕಿಯಲ್ಲಿ ಪೈಪಿಲ್ಲ ಎಂದು ಆತ ತೀರ್ಮಾನಿಸಿದ.

ಲಿಂಗಸುಗೂರಿನ ಗೌಸ್‌ಸಾಬ್ ಹಳೆಯ ಪೈಪಿನ ಮೇಲಿನ ಸೀರೆಪಟ್ಟಿ ಬಿಚ್ಚಿದ. ಒಳಗೆ ಮಣ್ಣು ಎಣ್ಣೆ ಕೂಡಿ ಕೆಸರಾಗಿತ್ತು, ಅದರಡಿಯಲ್ಲಿ ರಬ್ಬರು ಹರಿದು ತಂತಿ ಕಾಣುತ್ತಿತ್ತು.

"ಬಟ್ಟಿ ಸುತ್ತಬಾರದ್ರೀ ಆದೆಪ್ಪನೋರೇ. ಮಣ್ಣು ಹಿಡಕೊಂಡು ಕುಂತು, ಕಾಪಾಡೋ ಬದ್ಲಿ ಅದೇ ತಿಂದದ. ಹಳೇ ಸೈಕಲ್ ಟ್ಯೂಬ್ ಸೀಳಿ ತೊಡಸ್ರಿ, ಕಬ್ಬಿಣಕ್ಕ ತಿಕ್ಕದಂಗ ತಂತಿಲೆ ಎತ್ತಿ ಕಟ್ರಿ. ಇದರ ಜೋಡಿದು ಹೆಂಗದ?"

ಅದಕ್ಕೂ ಬಿರುಕು ಬಿಟ್ಟಿದೆ ಎಂದು ಆದೆಪ್ಪ ಒಪ್ಪಿಕೊಂಡ. ಹಾಗಾದರೆ ಎರಡೂ ಮಾಡಿಕೊಡುತ್ತೇನೆ, ಇದು ಇವತ್ತು ಹೋದರೆ ಅದು ನಾಳೆ ಹೋಗುತ್ತದೆ, ಇನ್ನೊಂದು ಸಲ ಇಷ್ಟು ದೂರ ಬರುವುದು ತಪ್ಪುತ್ತದೆ ಎಂದ ಗೌಸ್‌ಸಾಬ್. ಈ ಕೊನೆಯ ಮಾತು ಕೇಳಿ ಆದೆಪ್ಪ ಗಾಬರಿಯಾದ. ಬೇಡ ಬೇಡ, ಒಂದೇ ಸಾಕು, ಇನ್ನೊಂದು ಗಟ್ಟಿಯಿದೆ ಎಂದು ಕೈ ಅಡ್ಡ ಹಿಡಿದ.

ಹೊಸ ಪೈಪನ್ನು ಸುರುಳಿ ಸುತ್ತಿ ದಿಂಬಿನ ಸೀರೆಯಲ್ಲಿ ಗಂಟು ಕಟ್ಟಿಕೊಂಡು ಆದೆಪ್ಪ ಬಸ್‌ಸ್ಟ್ಯಾಂಡಿಗೆ ಬಂದ. ಒಂದು ಕಡೆ ಸಿಂಧನೂರಿನ ಬಸ್ಸು, ಇನ್ನೊಂದು ಕಡೆ ಹಟ್ಟಿಯ ಬಸ್ಸು. ಪೈಪು ಸಿಕ್ಕಿತ್ತು. ಇನ್ನು ಹೇಳಲು ನೆವವೇ ಉಳಿದಿರಲಿಲ್ಲ. ಮನೆಗೆ ಹೋದರೆ ಯಮನೂರಮ್ಮನ ರೊಟ್ಟಿ, ಟ್ರ್ಯಾಕ್ಟರಿನ ಸೀಟು. ಆಗ ಎಲ್ಲಿತ್ತೋ ಏನೋ, ಆತನ ತಲೆಯಲ್ಲಿ ಒಂದು ವಿಚಾರ ಹೊಳೆಯಿತು. ಅಳಿಯ ಗಣಿಯೊಳಗೆ ದಿನವಿಡೀ ಗಾಳಿಪೈಪು ಹಿಡಿದು ಬಂಡೆ ಕೊರೆಯುವವನು. ಪೈಪಿನ ಗುಣ ಅವನಿಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು? ಪರೀಕ್ಷೆ ಮಾಡಿಸದೆ ಪೈಪು ಕೂಡಿಸುವುದು ಮೂರ್ಖತನ. ಆದೆಪ್ಪ ಹಟ್ಟಿಯ ಬಸ್ಸು ಹತ್ತಿದ.

ಕ್ವಾರ್ಟರ್ಸಿನ ಬಾಗಿಲಲ್ಲಿ ಬೀಗಿತ್ತಿ ಶೇಖರಮ್ಮ ಇದ್ದಳು. ಮಗಳೂ ಕಸ್ತೂರೆಮ್ಮನೂ ಕೂಸಿಗೆ ಸೂಜಿ ಹಾಕಿಸಲು ದವಾಖಾನೆಗೆ ಹೋಗಿದ್ದರು, ಅಳಿಯ ಪಾಳಿಯಲ್ಲಿದ್ದ. ಶೇಖರಮ್ಮ ಕಾಲಿಗೆ ನೀರು ಕೊಟ್ಟು, ಪದ್ಧತಿಯಂತೆ ಬೀಗರ ಕೈಯ ಗಂಟು ಇಸಿದುಕೊಂಡಳು. ಗಂಟು ದುಂಡಗಿತ್ತು. ಕೈಗೆ ಒಜ್ಜೆಯಾಗಿತ್ತು. ಇಳಕಲ್ ಸೀರೆಯಲ್ಲಿ ಕಟ್ಟಿತ್ತು. ತೊಟ್ಟಿಲ ದಿನ ಬೀಗರು ಹೇಳಿದ ಬೆಳ್ಳಿ ಉಡದಾರದ ದಾರಿಯನ್ನು ಆಕೆ ಇಷ್ಟು ದಿನ ನೋಡಿ ನೋಡಿ ಸಾಕಾಗಿ, ಓಣಿಯಲ್ಲೆಲ್ಲ ಆಡಿಕೊಂಡೂ ಆಗಿತ್ತು. ಕೈಯಲ್ಲಿ ತೂಗಿ ನೋಡಿದಳು, ಕಣ್ಣು ಅರಳಿದವು.

ಏನು ತಂದಿರಿ ಎಂದು ಬಾಯಿ ಬಿಟ್ಟು ಕೇಳುವುದು ಅವರಲ್ಲಿ ಮರ್ಯಾದೆಯಲ್ಲ. ಆದೆಪ್ಪನೇ ಹೇಳಿದ.

"ಸಿಂಧನೂರಾಗ ನೋಡಿದೆ, ಮನಸಿಗೆ ಬರಲಿಲ್ಲ. ಮಸ್ಕಿಯಾಗ ಸಿಗಲಿಲ್ಲ. ಲಿಂಗಸುಗೂರಾಗ ಮುಂದ ಕುಂತು ಮಾಡಿಸಿಕೊಂಡು ಬಂದೀನ್ರೀ. ಅಳಿಯಂದ್ರು ಬಂದ ಮ್ಯಾಲೆ ಬಿಚ್ಚೂಣು. ಅವರ ಕೈಯಾಗ ಇಡಬೇಕು."

ಮೊಮ್ಮಗನ ಮೈಗೆ ಮುಂದೆ ಕೂತು ಮಾಡಿಸಿದ ಒಡವೆ! ಶೇಖರಮ್ಮ ಗಂಟನ್ನು ಅಕ್ಕಿ ತುಂಬಿದ ತಾಟಿನಲ್ಲಿ ಇಟ್ಟು, ಕುಂಕುಮ ಹಚ್ಚಿ, ಊದುಬತ್ತಿ ಹಚ್ಚಿದಳು. ಅವಳ ಮನೆತನದಲ್ಲಿ ತವರಿನವರು ಕೂಸಿಗೆ ತಂದ ಒಡವೆಯನ್ನು ಪೂಜೆ ಮಾಡದೆ ಬಿಚ್ಚುವುದಿಲ್ಲ. ಇಷ್ಟಾದಾಗಲಾದರೂ ಆದೆಪ್ಪ ಎಚ್ಚರಾಗಬೇಕಿತ್ತು ಎನ್ನಬಹುದು. ಆದರೆ ನಮ್ಮ ಕಾಲುವೆ ಸೀಮೆಯಲ್ಲಿ ಟ್ರ್ಯಾಕ್ಟರಿಗೆ ಹೊಸ ಸಾಮಾನು ಬಂದರೆ, ಬೇರಿಂಗೇ ಇರಲಿ ಬೆಲ್ಟೇ ಇರಲಿ, ಕುಂಕುಮ ಇಟ್ಟು ಊದುಬತ್ತಿ ಬೆಳಗದೆ ಯಾರೂ ಕೂಡಿಸುವುದಿಲ್ಲ. ಗಣಿಯವರು ಒಕ್ಕಲುತನ ಅರಿಯದವರಾದರೂ ಪೈಪಿನ ಮರ್ಯಾದೆ ಬಲ್ಲರಲ್ಲ ಎಂದು ಆದೆಪ್ಪನಿಗೆ ಕಣ್ಣಲ್ಲಿ ನೀರು ಬಂತು. ಎದ್ದು ನಿಂತು ತಾನೂ ಕೈಮುಗಿದ. ಒಂದು ನಿಂಬೆಹಣ್ಣಿದ್ದರೆ ಇನ್ನೂ ಪಸಂದಾಗುತ್ತಿತ್ತು ಎಂದ. ಶೇಖರಮ್ಮ ದೃಷ್ಟಿಯ ಮಾತೆಂದು ತಿಳಿದು ನಿಂಬೆಹಣ್ಣೂ ಇಟ್ಟಳು. ಓಣಿಯ ಹೆಂಗಸರನ್ನು ಕರೆದಳು. ಎದುರು ಮನೆಯ ಜುಬೇದಾಬೀ ಮೊದಲು ಬಂದಳು, ಉಳಿದವರು ಆಮೇಲೆ ಬಂದರು. ಅಡಿಗೆಮನೆಯಲ್ಲಿ ರವೆ ಬೆಲ್ಲದ ಸಜ್ಜಕ ಒಲೆಗೇರಿತು.

ದವಾಖಾನೆಯಿಂದ ಬಂದ ಕಸ್ತೂರೆಮ್ಮನಿಗೆ ಮೊದಲು ಕಂಡದ್ದು ಮನೆ ತುಂಬ ಮಂದಿ, ಆಮೇಲೆ ಕಂಡದ್ದು ಗಂಡ. ಒಂದು ಗಳಿಗೆ ಅವಳ ಮುಖ ಬೆಳಗಿತು. ಕರೆಯಲು ಬಂದ, ಉಡದಾರ ತಂದ, ನಾಲ್ಕು ಮಂದಿಯಲ್ಲಿ ತನ್ನ ಮಾನ ಉಳಿಸಿದ ಎಂದು ಅವಳಿಗೆ ಅನಿಸಿತು. ಯಾವಾಗ ಬಂದ್ರಿ ಎಂದು ಕೇಳಿದಳು. ಈಗ ಬಂದೆ ಎಂದ ಆದೆಪ್ಪ. ಇಷ್ಟು ತಿಂಗಳು ಮನಸ್ಸಿನಲ್ಲಿ ಕೂಡಿಟ್ಟ ಮಾತೆಲ್ಲ ಎಲ್ಲಿ ಹೋದವೋ, ಎರಡು ಶಬ್ದಕ್ಕೆ ಖಾಲಿಯಾದವು.

ಅಳಿಯ ಪಾಳಿ ಮುಗಿಸಿ ಬಂದು ಮುಖ ತೊಳೆದು ಕೂತ. ಕೂಸನ್ನು ಅವನ ತೊಡೆಯ ಮೇಲೆ ಕೂಡಿಸಿದರು. ಶೇಖರಮ್ಮ ಆರತಿ ಬೆಳಗಿ, ಎಲ್ಲರಿಗೂ ಕಾಣುವಂತೆ ಗಂಟು ಬಿಚ್ಚಿದಳು. ಸುರುಳಿ ಸುತ್ತಿದ್ದ ಪೈಪು ಇಷ್ಟು ಹೊತ್ತು ತಡೆದುಕೊಂಡಿದ್ದು ಒಮ್ಮೆಲೆ ಚಟ್ಟನೆ ಬಿಚ್ಚಿಕೊಂಡು ನಿಂತಿತು. ಅಕ್ಕಿ ಹಾರಿತು. ನಿಂಬೆಹಣ್ಣು ಉರುಳಿಕೊಂಡು ಜುಬೇದಾಬೀಯ ಕಾಲಹತ್ತಿರ ಹೋಗಿ ನಿಂತಿತು. ಕರಿ ಪೈಪಿನ ತುದಿಯ ನಟ್ಟು ಮಾತ್ರ ಫಳಫಳ ಹೊಳೆಯುತ್ತಿತ್ತು.

ಮಂದಿಯೆಲ್ಲ ಪೈಪನ್ನೇ ನೋಡಿದರು. ಆದೆಪ್ಪನೊಬ್ಬನೇ ಅಭಿಮಾನದಿಂದ ಸುತ್ತ ನೋಡುತ್ತಿದ್ದ. ಶೇಖರಮ್ಮ ಪೈಪಿನ ಒಂದು ತುದಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು.

"ನೋಡ್ರೆವಾ, ನಮ್ಮ ಬೀಗ್ರು ಮೊಮ್ಮಗಗ ರಬ್ಬರಿನ ಉಡದಾರ ತಂದಾರ. ಕೂಸು ಬೆಳದು ಆನಿಯಷ್ಟು ಆದ್ರೂ ಸಾಲ್ತೈತಿ."

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಉಡದಾರದ ನೆನಪು ಆದೆಪ್ಪನಿಗೆ ಆಗ ಬಂತು. ನೆತ್ತಿಯಿಂದ ಪಾದದ ತನಕ ಬೆವೆತ. ಇದು ಟ್ರಾಲಿಯ ಪೈಪು, ನೀವೇ ಪೂಜೆ ಮಾಡಿದಿರಿ, ನಾನು ಒಳ್ಳೆಯ ಮನಸ್ಸಿನವರು ಎಂದುಕೊಂಡೆ ಎಂದು ಏನೇನೋ ತೊದಲಿದ. ಅಳಿಯ ಪಾಪ ಸಂಭಾವಿತ. ಮಾವನ ಮುಖ ನೋಡಲಾರದೆ ಪೈಪು ಕೈಗೆತ್ತಿಕೊಂಡು, ಬಗ್ಗಿಸಿ ನೋಡಿ, ಊದಿ ನೋಡಿ, ಪೈಪು ಛಲೋ ಐತ್ರೀ ಮಾವಾರ ಎಂದ. ಕೂಸು ಹೊಳೆಯುವ ನಟ್ಟು ಹಿಡಿದುಕೊಂಡು ಬಿಡಲೇ ಇಲ್ಲ. ಬಿಡಿಸಲು ಹೋದರೆ ಕಿರುಚಿತು. ಇಡೀ ಮನೆಯಲ್ಲಿ ಉಡುಗೊರೆ ಮೆಚ್ಚಿದವನು ಅವನೊಬ್ಬನೇ.

ಮಂದಿ ಸಜ್ಜಕ ತಿಂದು, ನಗು ತಡೆದುಕೊಂಡು, ಹೋದರು. ಹಿತ್ತಿಲ ಬಾಗಿಲಲ್ಲಿ ಕಸ್ತೂರೆಮ್ಮ ಗಂಟಿನ ಸೀರೆ ಹಿಡಿದು ನಿಂತಿದ್ದಳು. ಅದು ತನ್ನದೆಂದು ಅವಳಿಗೆ ಗುರುತು ಹತ್ತಿತ್ತು. ಅದರ ನಡುವೆ ದುಂಡಗೆ ಒಂದು ಕಲೆ. ಪೈಪಿನ ಎಣ್ಣೆಯಲ್ಲ, ಗಂಡ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ. ಹೆಣ್ಣುಮಗಳಿಗೆ ಅಷ್ಟು ಸಾಕು, ಎಲ್ಲ ತಿಳಿಯಿತು. ನಾಚಿಕೆ, ಸಿಟ್ಟು, ಕರುಳು ಮೂರೂ ಕೂಡಿ ಅವಳ ಧ್ವನಿ ಒಡೆಯಿತು.

"ಖರೇ ಹೇಳ್ರಿ. ಪೈಪಿಗೆ ಬಂದ್ರೇನು, ನನ್ನ ಕರಿಯಾಕ ಬಂದ್ರೇನು?"

ಕರೆಯಲು ಬಂದೆ ಎಂದಿದ್ದರೆ ಅವಳು ಆಗಿಂದಾಗಲೇ ಚೀಲಕ್ಕೆ ಸೀರೆ ತುರುಕುತ್ತಿದ್ದಳು. ಆದೆಪ್ಪನ ಬಾಯಿಯೂ ತೆರೆದಿತ್ತು. ಅಷ್ಟರಲ್ಲಿ ತಂಬಿಗೆ ತೊಳೆಯುವ ನೆವ ಮಾಡಿಕೊಂಡು ಶೇಖರಮ್ಮ ಹಿತ್ತಿಲಿಗೆ ಬಂದಳು. ಅವಳು ಬಂದದ್ದೇ ತಡ, ಅಗಸಿ ಕಟ್ಟೆಯ ಆದೆಪ್ಪ, ಯಾರ ಹಂಗೂ ಇಲ್ಲದ ಆದೆಪ್ಪ ಮೈಯಲ್ಲಿ ಎದ್ದು ಕೂತ.

"ಪೈಪಿಗೇ ಬಂದೀನಿ."

"ಹಂಗಾದ್ರ ಕೆಲಸ ಆತಲ್ಲ," ಎಂದಳು ಕಸ್ತೂರೆಮ್ಮ. "ಸಂಜಿ ಬಸ್ಸಿಗೆ ಹೊತ್ತಾಗತೈತಿ."

ಬಸ್‌ಸ್ಟ್ಯಾಂಡಿನ ತನಕ ಅವಳು ಕೂಸನ್ನು ಎತ್ತಿಕೊಂಡು ಬಂದಳು. ಇಬ್ಬರೂ ಬಿಸಿಲಿನ ಬಗ್ಗೆ ಮಾತಾಡಿದರು. ಮನೆಯಲ್ಲಿ ಉಪ್ಪಿನಕಾಯಿ ಬೂಸರು ಹಿಡಿದಿದೆಯೇನು ಎಂದು ಅವಳು ಕೇಳಿದಳು, ಇಲ್ಲ ಎಂದು ಇವನು ಹೇಳಿದ. ಹಿಡಿದಿತ್ತು. ಆದೆಪ್ಪ ಬಸ್ಸು ಹತ್ತಿ ಕಿಟಕಿಗೆ ಕೂತ. ಇಂಜಿನ್ನು ಚಾಲೂ ಆಯಿತು. ಕೆಳಗೆ ನಿಂತ ಹೆಂಡತಿಯನ್ನು, ಅವಳ ಹೆಗಲ ಮೇಲಿನ ಕೂಸನ್ನು ನೋಡಿದ ಆತನಿಗೆ ಇನ್ನು ತಡೆಯಲಾಗಲಿಲ್ಲ. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೂಗಿದ.

"ನಾ ಪೈಪಿಗೆ ಬಂದಿದ್ದಿಲ್ಲಲೇ!"

ಬಸ್ಸಿನಲ್ಲಿದ್ದವರೆಲ್ಲರಿಗೂ ಕೇಳಿಸಿತು. ಡ್ರೈವರು ತಿರುಗಿ ನೋಡಿದ. ಕಂಡಕ್ಟರು, ಪೈಪಿಗೆ ಬಂದಿರದಿದ್ದರೆ ತೊಡೆಯ ಮೇಲಿನದೇನು ಎಂದು ವಿಚಾರಿಸಿದ. ಕೇಳಿಸದೆ ಇದ್ದದ್ದು ಕೆಳಗೆ ನಿಂತ ಒಬ್ಬಳಿಗೇ. ಅವಳು ಕಿವಿಗೆ ಕೈ ಹಿಡಿದು ಏನು ಎಂದು ಸನ್ನೆ ಮಾಡುತ್ತಿರುವಾಗಲೇ ಬಸ್ಸು ಧೂಳೆಬ್ಬಿಸಿ ತಿರುಗಿತು.

ಊರಿಗೆ ಬಂದು ಆದೆಪ್ಪ ಹೊಸ ಪೈಪು ಕೂಡಿಸಿದ. ಗೌಸ್‌ಸಾಬ್ ಹೇಳಿದಂತೆ ಸೈಕಲ್ ಟ್ಯೂಬು ಸೀಳಿ ತೊಡಿಸಿ, ಎಲ್ಲಿಯೂ ತಿಕ್ಕದಂತೆ ಎತ್ತಿ ಕಟ್ಟಿದ. ಇನ್ನೊಂದು ಹಳೆಯ ಪೈಪಿಗೆ ಟ್ಯೂಬು ಇರಲಿ, ಸುತ್ತಿದ್ದ ಸೀರೆಪಟ್ಟಿಯನ್ನೂ ಬಿಚ್ಚಿ ಬರಿಮೈಯಲ್ಲಿ ಬಿಟ್ಟ. ಅದು ಒಡೆದರೆ ಮತ್ತೆ ಲಿಂಗಸುಗೂರು, ಮತ್ತೆ ಹಟ್ಟಿ. ಈ ಸಲ ಹೇಳಬೇಕಾದ ಮಾತು ಬಾಯಿಪಾಠವಾಗಿತ್ತು. ಸಿಂಧನೂರಿಗೆ ಹೋಗಿ ಬೆಳ್ಳಿ ಉಡದಾರ ತಂದು ಗೋಡೆಯ ಗೂಡಿನಲ್ಲಿಟ್ಟ. ಇಡೀ ತಾಲೂಕಿನಲ್ಲಿ ಪೈಪು ಒಡೆಯಲಿ ಎಂದು ಬೇಡಿಕೊಂಡ ಟ್ರ್ಯಾಕ್ಟರಿನ ಮಾಲಕ ಇವನೊಬ್ಬನೇ ಇದ್ದಿರಬೇಕು.

ಹಾಳಾದ ಪೈಪು ಒಡೆಯಲಿಲ್ಲ. ನಾಳೆಯೇ ಹೋಗುತ್ತದೆ ಎಂದು ಗೌಸ್‌ಸಾಬ್ ಹೇಳಿದ ಪೈಪು ಗೊಬ್ಬರದ ಹೇರು ಎತ್ತಿತು, ಮೊರಮು ಎತ್ತಿತು, ಕಲ್ಲು ಎತ್ತಿತು. ಆದೆಪ್ಪ ಸಂಜೆ ಹೊತ್ತು ಅಂಗಳದಲ್ಲಿ ಖಾಲಿ ಟ್ರಾಲಿಯನ್ನು ಎತ್ತುವನು, ಇಳಿಸುವನು, ಬಗ್ಗಿ ಪೈಪು ಮುಟ್ಟಿ ನೋಡುವನು, ಕೈಗೆ ಎಣ್ಣೆ ಹತ್ತದಿದ್ದರೆ ಮುಖ ಇಳಿಬಿಡುವನು. ಆದೆಪ್ಪನ ಟ್ರಾಲಿ ದಿನಾ ಸಂಜೆ ಸಲಾಮು ಹೊಡೆಯುತ್ತದೆ ಎಂದು ಊರು ನಕ್ಕಿತು. ಯಮನೂರಮ್ಮ ರೊಟ್ಟಿ ಕೊಡಲು ಬಂದು, ತಲೆಗೆ ಏನಾದರೂ ಆಯಿತೇನೋ ಎಂದು ಪಂಪಣ್ಣನಿಗೆ ಹೇಳಿ ಕಳಿಸಿದಳು.

ಪಂಪಣ್ಣ ಬಂದು ಗೋಡೆಗೆ ಒರಗಿ ನೋಡಿದ. ಅವನ ಬೇಸಿಗೆ ನೆಲ್ಲು ಚೀಲಕ್ಕೆ ತುಂಬಿ ಹೊಲದಲ್ಲೇ ನಿಂತಿತ್ತು. ಮೋಡ ಕಟ್ಟುತ್ತಿತ್ತು. ನಾಳೆ ಸಿಂಧನೂರಿನ ಮಿಲ್ಲಿಗೆ ಒಯ್ಯಲು ಮರಿ ಬೇಕು ಎಂದು ಕೇಳಲು ಬಂದವನು ಅದನ್ನು ಕೇಳಲಿಲ್ಲ. ಹಟ್ಟಿಗೆ ಯಾವಾಗ ಹೋಗುತ್ತೀ ಎಂದು ಕೇಳಿದ.

"ಪೈಪ್ ಒಡೀಲಿ, ಹೋಗ್ತೀನಿ," ಎಂದ ಆದೆಪ್ಪ. ತಲೆ ಮೇಲೆತ್ತಲಿಲ್ಲ. "ಹಂಗೇ ಹೋದ್ರ ಮಂದಿ ಏನಂತಾರ? ಮನಿ ಭಣಭಣ ಅಂತೈತಲೇ ಪಂಪ. ರಾತ್ರಿ ಕೆಮ್ಮಿದ್ರ ನೀರು ಕೊಡೋರಿಲ್ಲ."

ಪಂಪಣ್ಣ ಹಳೆಯ ಪೈಪನ್ನು ಒಮ್ಮೆ ಬಗ್ಗಿ ನೋಡಿ ಹೋದ.

ಮುಂಜಾನೆ ಆದೆಪ್ಪ ಎದ್ದು ನೋಡಿದರೆ ಟ್ರಾಲಿಯ ಕೆಳಗೆ ಎಣ್ಣೆಯ ಮಡು. ಪೈಪು ಎರಡು ತುಂಡಾಗಿ ಜೋತುಬಿದ್ದಿತ್ತು. ಆದೆಪ್ಪ ಕೂತು ನೋಡಿದ. ಒಡೆದ ಪೈಪು ಹೇಗಿರುತ್ತದೆ ಎಂಬುದು ಆತನಿಗೆ ಗೊತ್ತಿತ್ತು, ಬಾಯಿ ಹರಿದು ತಂತಿ ಕೆದರಿರುತ್ತದೆ. ಇದು ಸೌತೆಕಾಯಿ ಕೊಯ್ದಂತೆ ಸಾಪಾಗಿ ಕೊಯ್ದಿತ್ತು. ಗೋಡೆಯಾಚೆ ಪಂಪಣ್ಣ ನೀರಿನ ಬಾನಿಯ ಹತ್ತಿರ ಕೂತು ಕುಡಗೋಲು ತೊಳೆಯುತ್ತಿದ್ದ. ಅವನು ಮತ್ತೊಮ್ಮೆ ಎದೆಯಿಂದ ಮೊಣಕಾಲ ತನಕ ಎಣ್ಣೆಯಲ್ಲಿ ತೋಯ್ದಿದ್ದ.

"ಪೈಪ್ ಒಡೀತೇನಪಾ?" ಎಂದು ಕೇಳಿದ ಪಂಪಣ್ಣ, ಕುಡಗೋಲಿನಿಂದ ಕಣ್ಣು ತೆಗೆಯದೆ.

"ಒಡೀತು," ಎಂದ ಆದೆಪ್ಪ. ಗೋಡೆಯ ಹತ್ತಿರ ಬಂದು, "ನಿನ್ನ ನೆಲ್ಲು?" ಎಂದ.

"ಎತ್ತಿನ ಬಂಡಿ ಐತಿ. ಹೋಗಿ ಬಾ."

ಆದೆಪ್ಪ ಜಳಕ ಮಾಡಿ, ನೀಲಿ ಹಾಕಿದ ಅಂಗಿ ತೊಟ್ಟು, ಉಡದಾರವನ್ನು ಒಳಗಿನ ಕಿಸೆಯಲ್ಲಿ ಇಟ್ಟುಕೊಂಡ. ಪೈಪಿನ ತುಂಡನ್ನು ಕೊರಳಿಗೆ ಹಾಕಿಕೊಂಡು ಅಗಸಿ ದಾಟಿದ. ಊರಿನ ಮುಂದೆ ಅಷ್ಟು ಬೇಕಾಗಿತ್ತು. ಸಿಂಧನೂರಿನಲ್ಲಿ ಲಿಂಗಸುಗೂರಿನ ಬಸ್ಸು ಹಿಡಿಯಲು ಯಂಕೋಬನ ಅಂಗಡಿಯ ಮುಂದೆಯೇ ಹಾಯಬೇಕು. ಯಂಕೋಬ ದೂರದಿಂದಲೇ ಕಂಡು ಎದ್ದು ನಿಂತ. ಮೊನ್ನೆಯಂಥದೇ ಪೈಪು ಇನ್ನೊಂದಿದೆ, ವಾಸನೆ ನೋಡಬೇಕಾದರೆ ಬನ್ನಿ ಎಂದು ಕರೆದ. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ತಿರುಗಿ ನೋಡಿದರು.

ಆದೆಪ್ಪ ನಿಂತ. ಕೊರಳಿನ ಪೈಪು ತೆಗೆದು ಯಂಕೋಬನ ಮೇಜಿನ ಮೇಲೆ ಇಟ್ಟ.

"ಅಂಥದೇ ಒಂದು ಕಟ್ಟಿ ಇಟ್ಟಿರ್ರಿ, ಬರೂವಾಗ ಒಯ್ತೀನಿ," ಎಂದ. "ಈಗ ನಾ ಪೈಪಿಗೆ ಹೊಂಟಿಲ್ಲ. ಹೆಂಡ್ತೀನ್ನ ಕರಿಯಾಕ ಹೊಂಟೀನಿ."